ಸಹಿ ಹಾಕದವರನ್ನೂ ಕಟ್ಟಿಹಾಕುವ ಕಾಗದ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, 'ಸಾಫ್ಟ್‌ವೇರ್ ಕೆಲಸಕ್ಕೆ ಹೋಗೋದು ಹೇಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ' ಅಂದರು. ಆ ವಿಷಯ ಹೇಳುವವರು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಹತ್ತು ಜನ ಇದ್ದಾರೆ. ನಾನು ಇವತ್ತು ಒಂದು ಕಾಗದದ ವಿಷಯ ಮಾತಾಡುತ್ತೇನೆ. ದಯವಿಟ್ಟು ಸಹಿಸಿಕೊಳ್ಳಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪ ಒಂದು ನೋಟಿಸ್ ತಂದು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಮ್ಮ ಒಂದೂವರೆ ಎಕರೆ ರಾಗಿ ಹೊಲದ ಸರ್ವೆ ನಂಬರ್ ಮಾತ್ರ ನನಗೆ ಗುರುತು ಸಿಕ್ಕಿತು. ಉಳಿದದ್ದು ಒಂದೂ ಗೊತ್ತಾಗಲಿಲ್ಲ. 'ಏನ್ಲಾ, ಒಂಬತ್ನೇ ಕ್ಲಾಸು ಓದ್ತೀಯ, ಒಂದು ಕಾಗ್ದ ಓದಕ್ಕಾಗಲ್ವಾ?' ಅಂದರು ಅಪ್ಪ. ನಾಚಿಕೆಯಿಂದ ನಾನು, 'ಏನೂ ಇಲ್ಲ ಅಪ್ಪ, ಸರ್ವೆ ಮಾಡ್ತಾರಂತೆ' ಅಂತ ಸುಳ್ಳು ಹೇಳಿಬಿಟ್ಟೆ. ಅಪ್ಪ ಅದನ್ನು ಮಡಿಸಿ ಟ್ರಂಕಿಗೆ ಹಾಕಿದರು. ಮೂರು ವಾರ ಕಳೆದ ಮೇಲೆ ಮನಸ್ಸು ಕೊರೆದು, ಆ ಕಾಗದವನ್ನು ಕದ್ದು ತಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರ ಹೆಸರು ಹೇಳಿದರೆ ಅವರಿಗೆ ಇಷ್ಟವಾಗುವುದಿಲ್ಲ, ಎದುರಿಗೇ ಕೂತಿದ್ದಾರೆ. ಅವರು ಓದಿ, ತಾರೀಕು ನೋಡಿ, 'ಆಕ್ಷೇಪಣೆ ಕೊಡೋಕೆ ಮೂವತ್ತು ದಿನ ಇತ್ತು ಕಣೋ. ಇನ್ನು ಐದು ದಿನ ಉಳಿದಿದೆ' ಅಂದರು. ಅವತ್ತು ಶಾಲೆ ಬಿಟ್ಟ ಮೇಲೆ ಅವರೇ ನಮ್ಮ ಮನೆಗೆ ಬಂದು ಆಕ್ಷೇಪಣೆ ಬರೆದುಕೊಟ್ಟರು. ಯಾವ ಕಚೇರಿ, ಯಾವ ಯೋಜನೆ ಎಂಬುದು ಇಲ್ಲಿ ಬೇಡ. ಆ ಹೊಲದಲ್ಲಿ ಅರ್ಧ ನಮಗೆ ಉಳಿಯಿತು, ಅರ್ಧ ಹೋಯಿತು. ಉಳಿದದ್ದಕ್ಕೆ ಆ ಆಕ್ಷೇಪಣೆಯೇ ಕಾರಣವೋ, ನಕ್ಷೆ ಬದಲಾದದ್ದು ಕಾರಣವೋ, ಇವತ್ತಿಗೂ ನಮಗೆ ತಿಳಿಯದು.

ಅಲ್ಲಿಂದ ನನಗೆ ಸರ್ಕಾರಿ ಕಾಗದ ಓದುವ ಚಟ ಅಂಟಿಕೊಂಡಿತು. ಬಿಇ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದೆ. ಈಗ ನಮ್ಮ ತಂಡ ಮಾಡುವುದು ಬಂದರುಗಳಲ್ಲಿ ಕಂಟೇನರುಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಯಾವ ಪೆಟ್ಟಿಗೆ ಯಾವ ಹಡಗಿನಿಂದ ಇಳಿಯಿತು, ಎಲ್ಲಿ ಇಟ್ಟರು, ಯಾವ ಲಾರಿಗೆ ಹತ್ತಿಸಿದರು, ಇಷ್ಟೇ. ನಾನು ಸಮುದ್ರ ನೋಡಿದ್ದು ಮಾತ್ರ ಜೀವನದಲ್ಲಿ ಮೂರು ಸಲ.

ಆ ಕೆಲಸದ ದೆಸೆಯಿಂದ 2023ರಲ್ಲಿ ಆಫ್ರಿಕಾದ ತಾಂಜಾನಿಯಾ ದೇಶದ ಒಂದು ಸುದ್ದಿ ನನ್ನ ಕಣ್ಣಿಗೆ ಬಿತ್ತು. ಅಲ್ಲಿನ ಸರ್ಕಾರ ತನ್ನ ಬಂದರುಗಳ ಅಭಿವೃದ್ಧಿಗಾಗಿ 2022ರ ಅಕ್ಟೋಬರಿನಲ್ಲಿ ದುಬೈ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿತ್ತು. ಕೆಲಸ ಮಾಡುವುದು ದುಬೈನ ಡಿಪಿ ವರ್ಲ್ಡ್ ಕಂಪನಿ. ಸಹಿ ಬಿದ್ದು ಏಳು ತಿಂಗಳ ಮೇಲೆ, 2023ರ ಜೂನ್ 10ರಂದು, ಅಲ್ಲಿನ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. ಕಾಗದ ಜನರ ಕೈಗೆ ಬಂದಾಗ ಗಲಾಟೆ ಶುರುವಾಯಿತು. ಒಪ್ಪಂದ ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಇಲ್ಲವಲ್ಲ ಎಂದು ಕೇಳಿದರು. ದುಬೈ ಸ್ವತಃ ಒಂದು ದೇಶವಲ್ಲ, ಯುಎಇ ಒಕ್ಕೂಟದ ಒಂದು ಭಾಗ. ಅದಕ್ಕೆ ಇಂಥ ಸಹಿ ಹಾಕುವ ಅಧಿಕಾರ ಇದೆಯೇ ಎಂದೂ ಕೇಳಿದರು. ನಾಲ್ವರು ನಾಗರಿಕರು ಎಂಬೆಯಾ ಎಂಬ ಊರಿನ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಾಧೀಶರು ಕೇಳಿ, ಆಗಸ್ಟ್ 10ರಂದು ಅರ್ಜಿ ವಜಾ ಮಾಡಿದರು. ಅಕ್ಟೋಬರಿನಲ್ಲಿ ದಾರ್ ಎಸ್ ಸಲಾಮ್ ಬಂದರಿನ ನಾಲ್ಕು ಬರ್ತುಗಳ ಕರಾರು ಸಹಿಯಾಯಿತು. ಅದರಲ್ಲಿ 30 ವರ್ಷ ಎಂದು ಅವಧಿ ಬಂತು.

ನಾನು ಇದನ್ನು ಓದುತ್ತಿದ್ದದ್ದು ಆಫೀಸಿನ ಬಸ್ಸಿನಲ್ಲಿ, ನೈಸ್ ರಸ್ತೆಯ ಟೋಲ್ ಗೇಟಿನಲ್ಲಿ ನಿಂತಿದ್ದಾಗ. ತಲೆ ಎತ್ತಿ ಗೇಟ್ ನೋಡಿದೆ. ಸಮುದ್ರವೇ ಇಲ್ಲದ ನಮ್ಮ ಬಾಗಿಲಲ್ಲೇ ಇದೇ ಕಥೆ ಇದೆಯಲ್ಲ, ಆಫ್ರಿಕಾಕ್ಕೆ ಯಾಕೆ ಹೋದೆ ಅನ್ನಿಸಿತು.

ನೈಸ್ ರಸ್ತೆ ಎಂದರೆ ಹೊಸೂರು ರಸ್ತೆಯಿಂದ ಬನ್ನೇರುಘಟ್ಟ, ಕನಕಪುರ, ಮೈಸೂರು ರಸ್ತೆಗಳನ್ನು ದಾಟಿ ತುಮಕೂರು ರಸ್ತೆ ಸೇರುವ ದಾರಿ ಎಂದು ನಿಮಗೆಲ್ಲ ಗೊತ್ತು. ಆದರೆ ಕಾಗದದಲ್ಲಿ ಅದು ಒಂದು ತುಂಡು ಮಾತ್ರ. ಪೂರ್ತಿ ಹೆಸರು ಬೆಂಗಳೂರು-ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್. 1995ರ ಫೆಬ್ರವರಿ 20ರಂದು, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಅದರ ಮೊದಲ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. ಆಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದ ವಿಲಿಯಂ ವೆಲ್ಡ್ ಅವರ ಸಮ್ಮುಖದಲ್ಲಿ ಅದು ನಡೆಯಿತು. ಒಂದು ಕಡೆ ಕರ್ನಾಟಕ ಸರ್ಕಾರ; ಇನ್ನೊಂದು ಕಡೆ ಒಂದು ಕೂಟ, ಅದರಲ್ಲಿ ನಮ್ಮ ದೇಶದ ಕಲ್ಯಾಣಿ ಸಮೂಹ ಮತ್ತು ಅಮೆರಿಕದ ಎಂಜಿನಿಯರಿಂಗ್ ಸಂಸ್ಥೆಗಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಿದೇಶದ ಗವರ್ನರ್ ಬಂದು ಕೂತರು ಎಂದ ಮಾತ್ರಕ್ಕೆ ಅದು ದೇಶ-ದೇಶಗಳ ಒಪ್ಪಂದ ಆಗುವುದಿಲ್ಲ. ನಮ್ಮ ಸಂವಿಧಾನದ ಏಳನೆಯ ಪರಿಚ್ಛೇದದ ಕೇಂದ್ರ ಪಟ್ಟಿಯಲ್ಲಿ 14ನೆಯ ಬಾಬು ನೋಡಿ: ಹೊರದೇಶಗಳ ಜೊತೆ ಒಪ್ಪಂದ ಮಾಡುವುದು ಕೇಂದ್ರಕ್ಕೆ ಸೇರಿದ ವಿಷಯ. ಕರ್ನಾಟಕ ಹಾಗೆ ಮಾಡಲಾರದು. ರಾಜ್ಯ ಸರ್ಕಾರ ಮಾಡಬಹುದಾದದ್ದು ಕರಾರು, ಅದೂ 299ನೆಯ ವಿಧಿಯಂತೆ ರಾಜ್ಯಪಾಲರ ಹೆಸರಿನಲ್ಲಿ. ಹಾಗಾಗಿ ಗವರ್ನರ್ ವೆಲ್ಡ್ ಅವರ ಫೋಟೊಕ್ಕೆ ಕಾನೂನಿನಲ್ಲಿ ಮದುವೆಗೆ ಬಂದ ಅತಿಥಿಯ ಬೆಲೆ. ತಾಳಿ ಕಟ್ಟಿದ್ದು ಯಾರು ಎಂದು ಕೋರ್ಟು ನೋಡುತ್ತದೆಯೇ ಹೊರತು ಊಟಕ್ಕೆ ಯಾರು ಬಂದಿದ್ದರು ಎಂದಲ್ಲ. ಆದರೆ ಊರಿನವರು ಮಾತ್ರ 'ಅಮೆರಿಕದ ಸರ್ಕಾರವೇ ಬಂದೈತೆ' ಎಂದುಕೊಂಡು ಸುಮ್ಮನಿದ್ದರು ಎಂದು ನಮ್ಮ ಸೋದರಮಾವ ಹೇಳುತ್ತಿದ್ದರು.

ನಿಜವಾದ ತಾಳಿ ಬಿದ್ದದ್ದು 1997ರ ಏಪ್ರಿಲ್ 3ರಂದು. ಅಂದು ಸರ್ಕಾರಕ್ಕೂ ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಕಂಪನಿಗೂ ಚೌಕಟ್ಟಿನ ಒಪ್ಪಂದ ಆಯಿತು. ಅದರ ಲೆಕ್ಕ ಕೇಳಿ. ಒಟ್ಟು 20,193 ಎಕರೆ. ಅದರಲ್ಲಿ 13,237 ಎಕರೆ ರೈತರದ್ದು, ಖಾಸಗಿಯವರದ್ದು; 6,956 ಎಕರೆ ಸರ್ಕಾರದ್ದು. ಇದೇ ಭೂಮಿಯನ್ನು ಇನ್ನೊಂದು ರೀತಿ ಪಾಲು ಮಾಡಿದರೆ ರಸ್ತೆಗೆ 6,999 ಎಕರೆ, ಟೌನ್‌ಶಿಪ್‌ಗಳಿಗೆ 13,194 ಎಕರೆ. ಗಣಿತದ ಮೇಷ್ಟ್ರು ಇಲ್ಲಿದ್ದಾರೆ, ಕೂಡಿ ನೋಡಬಹುದು. ಅಂದರೆ ಎಲ್ಲರೂ 'ರಸ್ತೆ' ಎಂದು ಕರೆಯುತ್ತಿದ್ದ ಯೋಜನೆಯಲ್ಲಿ ಮೂರನೆಯ ಒಂದು ಭಾಗ ಮಾತ್ರ ರಸ್ತೆ. ಉಳಿದದ್ದು ಐದು ಹೊಸ ಊರುಗಳು. ಬೆಂಗಳೂರಿನ ಸುತ್ತ 41 ಕಿಲೋಮೀಟರ್ ವರ್ತುಲ ರಸ್ತೆ, ಅದಕ್ಕೊಂದು ಲಿಂಕ್ ರಸ್ತೆ, ಮೈಸೂರಿಗೆ 111 ಕಿಲೋಮೀಟರ್ ಎಕ್ಸ್‌ಪ್ರೆಸ್ ದಾರಿ.

ನಾವು ಸಾಫ್ಟ್‌ವೇರ್ ಬರೆಯುವ ಮೊದಲು ಏನೇನು ಬೇಕು ಎಂದು ಒಂದು ಪಟ್ಟಿ ಮಾಡಿ ಗ್ರಾಹಕರ ಸಹಿ ಹಾಕಿಸಿಕೊಳ್ಳುತ್ತೇವೆ. ಸಹಿ ಆದ ಮೇಲೆ 'ನಾನು ಇದನ್ನು ಕೇಳಿರಲೇ ಇಲ್ಲ' ಎಂದರೆ ನಡೆಯುವುದಿಲ್ಲ. ಪುಟ 43ರಲ್ಲಿ ಒಂದು ಸಾಲು ಇದ್ದರೂ ಸಾಕು. ಹೊಸಬರಿಗೆ ನಾನು ಮೊದಲು ಹೇಳುವುದೇ ಇದು: ಶೀರ್ಷಿಕೆ ನೋಡಬೇಡ, ವ್ಯಾಖ್ಯೆಗಳ ಪುಟ ಓದು. ಈ ಒಪ್ಪಂದದ ಹಣೆಬರಹ ನಿರ್ಧಾರವಾದದ್ದೂ ಅಂಥ ಒಂದು ವ್ಯಾಖ್ಯೆಯ ಮೇಲೆ.

ಸಹಿಯಾದ ವರ್ಷವೇ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಸೋಮಶೇಖರ ರೆಡ್ಡಿ ಪ್ರಕರಣ ಎಂದು ಅದನ್ನು ಕರೆಯುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ಭೂಮಿ ಕೊಡಲಾಗುತ್ತಿದೆ ಎಂಬುದು ಅದರ ಮುಖ್ಯ ದೂರುಗಳಲ್ಲಿ ಒಂದು. ಸರ್ಕಾರ ಆಗ ಕಂಪನಿಯ ಪಕ್ಕದಲ್ಲೇ ನಿಂತು, ಈ ಯೋಜನೆಗೆ ಇಷ್ಟು ಭೂಮಿ ಬೇಕೇ ಬೇಕು ಎಂದು ವಾದಿಸಿತು. 1998ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅರ್ಜಿ ವಜಾ ಮಾಡಿ ಒಪ್ಪಂದವನ್ನು ಎತ್ತಿಹಿಡಿಯಿತು. 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕೂಡ ಮಧ್ಯ ಬರಲಿಲ್ಲ.

ಇಂಥ ಕಡೆ ಕೋರ್ಟು ಏನು ನೋಡುತ್ತದೆ ಎಂದು ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೋರ್ಟು ತೂಗುವುದಿಲ್ಲ. ಸಹಿ ಹಾಕಿದವರಿಗೆ ಅಧಿಕಾರ ಇತ್ತೇ, ಕಾನೂನು ಮೀರಿದರೇ, ಮನಸ್ಸಿಗೆ ಬಂದಂತೆ ಪಕ್ಷಪಾತ ಮಾಡಿದರೇ, ದುರುದ್ದೇಶ ಇತ್ತೇ, ಇಷ್ಟನ್ನು ನೋಡುತ್ತದೆ. ಒಂದು ಎಕರೆ ಹೆಚ್ಚೋ ಕಡಿಮೆಯೋ ಎನ್ನುವುದು ಸರ್ಕಾರದ ತಜ್ಞರ ತಲೆನೋವು. ಎಂಬೆಯಾದಲ್ಲೂ ಬೆಂಗಳೂರಿನಲ್ಲೂ ನ್ಯಾಯಪೀಠದ ಎದುರು ಅರ್ಜಿದಾರರ ದಾರಿ ಕಿರಿದಾಗಿಯೇ ಇತ್ತು.

ಮುಂದೆ ಸರ್ಕಾರಗಳು ಬದಲಾದವು. 2004ರ ಹೊತ್ತಿಗೆ ಬಂದ ಸರ್ಕಾರ ಒಂದು ಪರಿಶೀಲನಾ ಸಮಿತಿ ಮಾಡಿತು. ಭೂಮಿ ಹೆಚ್ಚಾಗಿದೆ, ರಸ್ತೆಗೆ ಬೇಕಾದಷ್ಟು ಮಾತ್ರ ಕೊಡುತ್ತೇವೆ ಎಂದು ಅದೇ ಸರ್ಕಾರ ಅದೇ ಹೈಕೋರ್ಟಿನಲ್ಲಿ ಹೇಳಿತು. ಆರು ವರ್ಷದ ಹಿಂದೆ ಬೇಕೇ ಬೇಕು ಎಂದ ಬಾಯಿ, ಈಗ ಬೇಡ ಎಂದಿತು. 2005ರ ಮೇ 3ರಂದು ಹೈಕೋರ್ಟು ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. 2006ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಅದನ್ನೇ ಖಾಯಂ ಮಾಡಿ, ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ಖರ್ಚು ಹಾಕಿತು. ಇದು ಬರೀ ಹೆದ್ದಾರಿ ಯೋಜನೆಯಲ್ಲ, ಊರು-ರಸ್ತೆ ಎಲ್ಲ ಸೇರಿದ ಒಂದೇ ಯೋಜನೆ. ಆದ್ದರಿಂದ ರಸ್ತೆಯಿಂದ ದೂರ ಇರುವ ಭೂಮಿ ಹೆಚ್ಚುವರಿ ಎಂದು ಹೇಳಲಾಗದು ಎಂದಿತು. ವ್ಯಾಖ್ಯೆಯ ಪುಟ ಎಂದೆನಲ್ಲ, ಇದೇ.

ನನ್ನನ್ನು ನಿದ್ದೆಗೆಡಿಸಿದ್ದು ಆ ತೀರ್ಪಿನ ಇನ್ನೊಂದು ಭಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಂ ಇದೆ. ಒಂದು ವ್ಯಾಜ್ಯ ಒಮ್ಮೆ ತೀರ್ಮಾನವಾದರೆ ಅದೇ ಜನ ಅದೇ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ನಮ್ಮ ಊರಲ್ಲಿ ಬದುವಿನ ಜಗಳ ಪಂಚಾಯಿತಿಯಲ್ಲಿ ಮುಗಿದ ಮೇಲೆ ಅದೇ ಅಣ್ಣ-ತಮ್ಮ ಮಾರನೆಯ ವರ್ಷ ಮತ್ತೆ ಬಂದರೆ ಹಿರಿಯರು ಓಡಿಸುತ್ತಾರಲ್ಲ, ಹಾಗೆ. ಅದು ನ್ಯಾಯವೇ. ಆದರೆ ಆ ಕಲಮಿಗೆ ಆರನೆಯ ವಿವರಣೆ ಎಂದು ಒಂದಿದೆ. ಸಾರ್ವಜನಿಕ ಹಕ್ಕಿಗಾಗಿ ಯಾರೋ ಒಬ್ಬರು ಪ್ರಾಮಾಣಿಕವಾಗಿ ವ್ಯಾಜ್ಯ ಹೂಡಿದರೆ, ಆ ಹಕ್ಕಿನಲ್ಲಿ ಆಸಕ್ತಿ ಇರುವ ಎಲ್ಲರೂ ಅವರ ಮೂಲಕವೇ ಕೇಳಿದಂತೆ ಲೆಕ್ಕ. ಸುಪ್ರೀಂ ಕೋರ್ಟು ಈ ವಿವರಣೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಿಗೂ ಅನ್ವಯಿಸುತ್ತದೆ ಎಂದಿತು. ಅಂದರೆ 1998ರಲ್ಲಿ ಸೋತದ್ದು ಅರ್ಜಿದಾರರೊಬ್ಬರೇ ಅಲ್ಲ. ನಮ್ಮ ಅಪ್ಪ, ನಿಮ್ಮ ಅಪ್ಪ, ಬನ್ನೇರುಘಟ್ಟ ರಸ್ತೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, ಎಲ್ಲರೂ ಸೋತಂತೆ. ಇಂಥದ್ದೊಂದು ಕೇಸು ನಡೆದಿದೆ ಎಂದು ಕೇಳದವರೂ ಅದರಲ್ಲಿ ವಾದಿಗಳು. ನಾನು ಆಗ ಪ್ರೈಮರಿ ಶಾಲೆಯಲ್ಲಿದ್ದೆ, ನಾನೂ ಸೋತೆ.

ತೀರ್ಪು ತಪ್ಪು ಎಂದು ನಾನು ಹೇಳುವುದಿಲ್ಲ. ಬಹಳ ದಿನ ತಪ್ಪು ಎಂದೇ ಅಂದುಕೊಂಡಿದ್ದೆ. ವಕೀಲನಾಗಿರುವ ಗೆಳೆಯನ ಜೊತೆ ಜಗಳವನ್ನೂ ಆಡಿದ್ದೆ. ಅವನು ಒಂದೇ ಮಾತು ಕೇಳಿದ: 'ಸರ್ಕಾರದ ಸಹಿ ಮುಂದಿನ ಚುನಾವಣೆವರೆಗೆ ಮಾತ್ರ ಅಂತಾದರೆ, ನಿಮ್ಮ ಶಾಲೆ ಕಟ್ಟಡದ ಕಂಟ್ರಾಕ್ಟರಿಗೆ ದುಡ್ಡು ಕೊಡೋರು ಯಾರು?' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ಕಾರದ ಮಾತು ನಿಲ್ಲಬೇಕು. ವ್ಯಾಜ್ಯಕ್ಕೂ ಒಂದು ಕೊನೆ ಬೇಕು. ಈಗ ನಾನು ಹೇಳುವುದು ಇಷ್ಟೇ: ಒಪ್ಪಂದದ ಮೇಲೆ ಕಾನೂನಿನ ಕಣ್ಣು ಬೀಳುವುದು ಒಂದೇ ಸಲ, ಅದೂ ಬೇಗ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಕಾಗದ ಇರಲಿಲ್ಲ. 1997ರಲ್ಲಿ ನಮಗೆ ಮಾಹಿತಿ ಹಕ್ಕು ಕಾಯಿದೆ ಇರಲಿಲ್ಲ. ಕರ್ನಾಟಕದ್ದು ಬಂದದ್ದು 2000ದಲ್ಲಿ, ದೇಶದ್ದು 2005ರಲ್ಲಿ. ಒಪ್ಪಂದದ ಪ್ರತಿ ಕೇಳುವ ಹಕ್ಕು ನಮಗೆ ಬರುವ ಹೊತ್ತಿಗೆ ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ತೀರ್ಮಾನವಾಗಿ ಹೋಗಿದ್ದವು.

ರಸ್ತೆಯ ವಿಷಯಕ್ಕೂ ಸುಳ್ಳು ಹೇಳಬಾರದು. ನಾನು ಅದರ ಮೇಲೆ ದಿನಾ ಓಡಾಡುತ್ತೇನೆ. ನನ್ನ ತಾಯಿಗೆ ಎದೆನೋವು ಬಂದ ರಾತ್ರಿ ಚಂದಾಪುರದ ಟ್ರಾಫಿಕ್ ದಾಟಿ ಆ ರಸ್ತೆಗೆ ಹತ್ತಿದ ಮೇಲೆಯೇ ನಮಗೆ ಉಸಿರು ಬಂದದ್ದು. ವರ್ತುಲ ರಸ್ತೆ ಆಯಿತು, ಉಪಯೋಗವೂ ಆಯಿತು. ಆದರೆ ಕಾಗದದಲ್ಲಿದ್ದ ಮೈಸೂರಿನ ಎಕ್ಸ್‌ಪ್ರೆಸ್ ದಾರಿ ಬಹುಪಾಲು ಕಾಗದದಲ್ಲೇ ಉಳಿಯಿತು. ನಾವು ಈಗ ಮೈಸೂರಿಗೆ ಹೋಗುವುದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೇರೆಯದೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಟಿ.ಬಿ. ಜಯಚಂದ್ರ ಅವರ ಅಧ್ಯಕ್ಷತೆಯ ಸದನ ಸಮಿತಿ 2016ರಲ್ಲಿ ಈ ಯೋಜನೆಯ ಬಗ್ಗೆ ಕಟುವಾದ ವರದಿ ಕೊಟ್ಟಿತು. ಕಂಪನಿ ತನಗೆ ಕೊಡಬೇಕಾದ ಭೂಮಿಯನ್ನು ಸರ್ಕಾರ ಕೊಡಲಿಲ್ಲ ಎನ್ನುತ್ತಲೇ ಬಂದಿದೆ. ಈ ಜಗಳದಲ್ಲಿ ಯಾರ ಮಾತು ಎಷ್ಟು ಸರಿ ಎಂದು ತೂಗುವಷ್ಟು ದೊಡ್ಡವನು ನಾನಲ್ಲ.

ಗೊಟ್ಟಿಗೆರೆಯ ಸಂಗತಿ ಮಾತ್ರ ಹೇಳಲೇಬೇಕು. ನಮ್ಮಲ್ಲಿಂದ ಬನ್ನೇರುಘಟ್ಟ ರಸ್ತೆ ಹಿಡಿದರೆ ಸಿಗುವ ಊರು. ಅಲ್ಲಿ 1990ರ ದಶಕದಲ್ಲಿ ನಿವೇಶನ ಕೊಂಡಿದ್ದ ಕೆಲವರ ಜಾಗಕ್ಕೆ ಇದೇ ಯೋಜನೆಗಾಗಿ 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಆಯಿತು. 2005ರ ನವೆಂಬರಿನಲ್ಲಿ ಜಾಗ ಹೋಯಿತು. ಪರಿಹಾರದ ಐತೀರ್ಪು ಆಗಲಿಲ್ಲ. ಹೈಕೋರ್ಟು, ಆಮೇಲೆ ನ್ಯಾಯಾಂಗ ನಿಂದನೆಯ ಅರ್ಜಿ, ಹೀಗೆ ಅಲೆದರು. 2019ರ ಏಪ್ರಿಲ್ 22ರಂದು ಭೂಸ್ವಾಧೀನಾಧಿಕಾರಿ 2011ರ ಬೆಲೆ ಹಿಡಿದು ಲೆಕ್ಕ ಹಾಕಿದರು. ಆ ಅಧಿಕಾರಿಗೆ ಹಾಗೆ ತಾರೀಕು ಬದಲಿಸುವ ಹಕ್ಕಿಲ್ಲ ಎಂದು ಅದೂ ಬಿದ್ದುಹೋಯಿತು. ಕೊನೆಗೆ 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲದಿದ್ದರೂ ಸಂವಿಧಾನದ 300ಎ ವಿಧಿಯಲ್ಲಿ ಕಾಪಾಡಿದ ಹಕ್ಕು ಎಂದು ಹೇಳಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಲ್ಲಿ ಹೊಸದಾಗಿ ಲೆಕ್ಕ ಹಾಕಿ ಎಂದು ಆದೇಶಿಸಿತು. 2003ರಿಂದ 2025. ಅಧಿಸೂಚನೆ ಆದ ವರ್ಷ ಹುಟ್ಟಿದ ಮಗು ಡಿಗ್ರಿ ಮುಗಿಸುವಷ್ಟು ಕಾಲ.

ಇದನ್ನು ಯಾಕೆ ಹೇಳಿದೆ ಎಂದರೆ, ಒಪ್ಪಂದದ ದೊಡ್ಡ ಬಾಗಿಲು 1999ರಲ್ಲೇ ಮುಚ್ಚಿದರೂ ಒಬ್ಬೊಬ್ಬರ ಪರಿಹಾರದ ಸಣ್ಣ ಬಾಗಿಲು ಮುಚ್ಚಿರಲಿಲ್ಲ. ಅದನ್ನು ತಟ್ಟಲು ಆ ಜನರ ಹತ್ತಿರ ಕಾಗದ ಇತ್ತು, ತಾರೀಕು ಇತ್ತು. ನಮ್ಮ ತಾಲ್ಲೂಕಿನಲ್ಲಿ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಎಂದು ಒಂದೊಂದಾಗಿ ಹೊಲಗಳು ಶೆಡ್ಡುಗಳಾದದ್ದನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಇನ್ನೂ ಎಷ್ಟೋ ಮನೆಗಳಲ್ಲಿ ನಮ್ಮ ಮನೆಯಲ್ಲಿದ್ದ ಹಾಗೇ ಟ್ರಂಕಿನಲ್ಲಿ ಮಡಿಸಿಟ್ಟ ಕಾಗದ ಇದೆ ಎಂದು ನನಗೆ ಗೊತ್ತು. ನಿನ್ನೆ ರಾತ್ರಿ ಪೆಂಡಾಲ್ ಹಾಕುವಾಗಲೇ ಇಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಒಂದರಲ್ಲಿ ಮೂವತ್ತು ದಿನದ ಗಡುವು ಕಳೆದು ಎರಡು ವರ್ಷವಾಗಿದೆ. ಇನ್ನೊಂದರಲ್ಲಿ ಹನ್ನೊಂದು ದಿನ ಬಾಕಿ ಇದೆ. ಆ ಎರಡನೆಯವರು ಸೋಮವಾರ ಬೆಳಿಗ್ಗೆಯೇ ನನ್ನನ್ನು ಕಾಣಬೇಕು. ಈ ಸಭೆಯಲ್ಲಿದ್ದರೆ ಕೇಳಿಸಿಕೊಳ್ಳಿ.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದಿದ್ದೇನೆ. ಬರುವ ತಿಂಗಳಿಂದ ಪ್ರತಿ ಎರಡನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಶಾಲೆಯ ಗ್ರಂಥಾಲಯದಲ್ಲಿ ನಾನು, ಆ ವಕೀಲ ಗೆಳೆಯ, ಮತ್ತು ನಿವೃತ್ತರಾಗಿ ಮನೆಯಲ್ಲಿ ಕೂರಲು ಒಪ್ಪದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕೂರುತ್ತೇವೆ. ನೋಟಿಸ್, ಪಹಣಿ, ಕರಾರು, ಬಿಲ್ಡರ್ ಕೊಟ್ಟ ಜಂಟಿ ಅಭಿವೃದ್ಧಿ ಪತ್ರ, ಏನೇ ಇರಲಿ, ಕನ್ನಡದಲ್ಲಿ ಓದಿ ಹೇಳುತ್ತೇವೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಪಕ್ಕದಲ್ಲಿ ಕೂತು ಮೊದಲು ತಾರೀಕು ಹುಡುಕುತ್ತಾರೆ, ಆಮೇಲೆ ಸರ್ವೆ ನಂಬರ್. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಹೇಳುವುದು ಅಲ್ಲಿ ತಪ್ಪಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿ ಹೇಳದೇ ಹೋದದ್ದು ಅದನ್ನೇ. ಕೇಸು ನಡೆಸುವ ಶಕ್ತಿ ನಮಗಿಲ್ಲ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಜೆರಾಕ್ಸ್ ತನ್ನಿ. ಮೂಲ ಪ್ರತಿ ಮನೆಯಲ್ಲೇ ಇರಲಿ. ನೋಟಿಸ್ ಬಂದ ಲಕೋಟೆ ಇದ್ದರೆ ಅದನ್ನೂ ತನ್ನಿ, ಅಂಚೆಯ ಮುದ್ರೆಯಲ್ಲಿ ತಾರೀಕು ಇರುತ್ತದೆ.